ಮೇಣ ಕರಗಿಸಿ ಲೋಹ ಹೊಯ್ಯುವುದು: ಕೊಡಗಿನ ತೇವದಲ್ಲಿ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್

ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಳೆಯ ಪಂಪುಗಳದ್ದು ಒಂದೇ ರಗಳೆ: ಮೋಟರ್ ಸರಿ ಇರುತ್ತದೆ, ಬಾಡಿ ಗಟ್ಟಿ ಇರುತ್ತದೆ, ಒಳಗೆ ತಿರುಗಿ ನೀರು ತಳ್ಳುವ ರೆಕ್ಕೆಯ ಚಕ್ರ, ಅಂದರೆ ಇಂಪೆಲ್ಲರ್ ಮಾತ್ರ ಸವೆದು ಹೋಗಿರುತ್ತದೆ. ಕಾಫಿ ಹಣ್ಣು ಸುಲಿದ ನೀರು ನಿಂತಷ್ಟೂ ಹುಳಿಯಾಗುತ್ತದೆ. ಅದರೊಂದಿಗೆ ಸಿಪ್ಪೆ, ಮಣ್ಣು, ಮರಳು ಸೇರಿ ಬೀಡಿನ ರೆಕ್ಕೆಗಳನ್ನು ತಿಂದು ಹಾಕುತ್ತವೆ. ಆ ಮಾಡೆಲ್ ಬರುವುದೇ ನಿಂತಿದ್ದರೆ ಸ್ಪೇರ್ ಎಲ್ಲಿಂದ ತರುವುದು? ಬಾಗಿದ ರೆಕ್ಕೆಗಳನ್ನು ಲೇತ್‌ನಲ್ಲಿ ಕಡೆಯಲು ಬರುವುದಿಲ್ಲ. ಮರಳಿನ ಅಚ್ಚಿನಲ್ಲಿ ಹೊಯ್ದರೆ ಮೈ ಒರಟಾಗುತ್ತದೆ, ತೆಳು ರೆಕ್ಕೆ ಸರಿಯಾಗಿ ತುಂಬುವುದಿಲ್ಲ. ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಬೇಕಾಗುವುದು ಇಂಥ ಕಡೆ. ಭಾಗವನ್ನು ಮೊದಲು ಮೇಣದಲ್ಲಿ ಮಾಡಿ, ಅದರ ಮೇಲೆ ಪದರ ಪದರವಾಗಿ ಸೆರಾಮಿಕ್ ಶೆಲ್ ಕಟ್ಟಿ, ಮೇಣ ಕರಗಿಸಿ ತೆಗೆದು, ಉಳಿದ ಪೊಳ್ಳಿನೊಳಗೆ ಲೋಹ ಹೊಯ್ಯುವ ವಿಧಾನ ಇದು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 120 ಮಿ.ಮೀ. ವ್ಯಾಸದ, ಒಂದು ಬದಿ ತೆರೆದ, ಐದು ರೆಕ್ಕೆಗಳ ಗನ್‌ಮೆಟಲ್ (ತವರ, ಸತು ಸೇರಿದ ಕಂಚು) ಇಂಪೆಲ್ಲರ್. ಮುಗಿದಾಗ ತೂಕ ಮುಕ್ಕಾಲು ಕೆ.ಜಿ. ಆಸುಪಾಸು. ವೆಲ್ಡಿಂಗ್ ಶಾಪ್ ಇರುವವರು, ಐಟಿಐ ಕಲಿತವರು, ತೋಟದ ವರ್ಕ್‌ಶಾಪ್ ನೋಡಿಕೊಳ್ಳುವವರು ತಾವೇ ಮಾಡಬಹುದಾದ ಗಾತ್ರ. ಆದರೆ ಲೋಹ ಕರಗಿಸಿ ಹೊಯ್ದು ಗೊತ್ತಿಲ್ಲದವರು ಆ ಒಂದು ಹಂತವನ್ನು ಗೊತ್ತಿರುವವರ ಜೊತೆ ನಿಂತೇ ಮಾಡಬೇಕು.

ಕೊಡಗಿನಲ್ಲಿ ಈ ಕೆಲಸ ಹೆಚ್ಚಾಗಿ ಕೆಡುವುದು ಒಣಗಿಸುವ ಕೋಣೆಯಲ್ಲಿ. ಕುಲುಮೆಗೆ ಎಲ್ಲರೂ ಹೆದರುತ್ತಾರೆ, ಹಾಗಾಗಿ ಅಲ್ಲಿ ಹುಷಾರಾಗಿಯೂ ಇರುತ್ತಾರೆ. ತೇವಕ್ಕೆ ಯಾರೂ ಹೆದರುವುದಿಲ್ಲ.

ಮಾಡುವ ಮೊದಲು

ಎಲ್ಲವನ್ನೂ ಎರಕ ಹೊಯ್ಯಬೇಕಾಗಿಲ್ಲ. ಬುಶ್, ಪಿನ್, ಸ್ಪೇಸರ್‌ನಂಥ ದುಂಡನೆಯ ಭಾಗಗಳಿಗೆ ರಾಡ್ ತಂದು ಕಡೆಸುವುದೇ ಅಗ್ಗ. ಬ್ರೇಕ್, ಸ್ಟೇರಿಂಗ್, ಭಾರ ಎತ್ತುವ ಕೊಕ್ಕೆಗಳಂಥ, ಮುರಿದರೆ ಜೀವಕ್ಕೆ ಅಪಾಯವಾಗುವ ಭಾಗಗಳನ್ನು ಮನೆಯಲ್ಲಿ ಹೊಯ್ಯುವುದು ಬೇಡವೇ ಬೇಡ. ಒಳಗಿನ ಗುಳ್ಳೆ ಕಣ್ಣಿಗೆ ಕಾಣುವುದಿಲ್ಲ, ಅದನ್ನು ನೋಡಲು ಎಕ್ಸ್‌ರೇ ಬೇಕು.

ಇನ್ನೊಂದು ಮಾತು ನಮ್ಮ ಜಿಲ್ಲೆಗೇ ಸೇರಿದ್ದು. ಕೋವಿಯ ಟ್ರಿಗರ್, ಹ್ಯಾಮರ್‌ಗಳನ್ನು ಕಾರ್ಖಾನೆಗಳಲ್ಲಿ ಇದೇ ವಿಧಾನದಲ್ಲಿ ಮಾಡುತ್ತಾರೆ ಎಂಬುದು ನಿಜ. ಹಾಗೆಂದು ಇಲ್ಲಿ ಕೈ ಹಾಕಬೇಡಿ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ತಯಾರಿಕೆಗೆ 1959ರ ಆಯುಧ ಕಾಯ್ದೆಯಡಿ ಬೇರೆಯೇ ಪರವಾನಗಿ ಬೇಕು.

ಲೋಹದ ಆಯ್ಕೆ: ಪೇಟೆಯಲ್ಲಿ ಸಾಮಾನ್ಯವಾಗಿ ಸಿಗುವ ಗನ್‌ಮೆಟಲ್ ತಾಮ್ರ 85, ತವರ 5, ಸೀಸ 5, ಸತು 5ರ ಮಿಶ್ರಣ. ಎರಕಕ್ಕೆ ಅದು ಸುಲಭ, ಕಡೆಯಲೂ ಸುಲಭ. ಆದರೆ ಪಲ್ಪರ್ ನೀರು ತಿನ್ನುವ ಪದಾರ್ಥವನ್ನು ಮುಟ್ಟುವ ನೀರು, ಅದೂ ಹುಳಿ. ಅಲ್ಲಿಗೆ ಸೀಸ ಬೇಡ. ತಾಮ್ರ 88, ತವರ 10, ಸತು 2ರ ಗಟ್ಟಿಯನ್ನು ಕೇಳಿ ತನ್ನಿ. ಗುಜರಿಯಿಂದ ಆರಿಸಿದ ನಲ್ಲಿ, ವಾಲ್ವ್ ತುಂಡುಗಳನ್ನು ಬೆರೆಸಿದರೆ ಏನು ಸೇರಿತೆಂದು ಯಾರಿಗೂ ಗೊತ್ತಿರುವುದಿಲ್ಲ. ಸ್ವಲ್ಪ ಅಲ್ಯೂಮಿನಿಯಂ ಸೇರಿದರೂ ತವರದ ಕಂಚು ಕೆಟ್ಟು ಹೋಗುತ್ತದೆ.

ತಿಂಗಳು ನೋಡಿ ಕೆಲಸ

ಮೇಣದ ಕೆಲಸಕ್ಕೆ ಮಳೆಗಾಲ ಒಳ್ಳೆಯದು. ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ತೋಟದ ಕೆಲಸವೂ ಕಮ್ಮಿ, ಮಡಿಕೇರಿಯ ತಂಪಿನಲ್ಲಿ ಮೇಣ ಬಾಗುವುದೂ ಇಲ್ಲ. ಕುಶಾಲನಗರದ ಏಪ್ರಿಲ್ ಮಧ್ಯಾಹ್ನದಲ್ಲಿ ಅದೇ ರೆಕ್ಕೆ ಮೇಜಿನ ಮೇಲೇ ಸೊರಗುತ್ತದೆ. ಶೆಲ್ ಕಟ್ಟುವುದಕ್ಕೆ ಮಾತ್ರ ಒಣ ಗಾಳಿ ಬೇಕು. ಡಿಹ್ಯುಮಿಡಿಫೈಯರ್ ಇಲ್ಲದವರಿಗೆ ಹುತ್ತರಿ ಕಳೆದ ಮೇಲೆ, ಜನವರಿಯಿಂದ ಹೂಮಳೆ ಬೀಳುವವರೆಗಿನ ಕಾಲವೇ ಗಟ್ಟಿ. ಆಗ ಸುಗ್ಗಿಯ ಗಡಿಬಿಡಿ ಇರುತ್ತದೆ ನಿಜ, ಆದರೆ ಶೆಲ್ಲಿಗೆ ದಿನಕ್ಕೆ ಎರಡು ಸಲ ಹತ್ತು ನಿಮಿಷ ಸಾಕು. ಆದ್ದರಿಂದ ಈ ಸುಗ್ಗಿಯಲ್ಲಿ ಸವೆದದ್ದನ್ನು ನೋಡಿಟ್ಟುಕೊಂಡು ಮುಂದಿನ ಸುಗ್ಗಿಗೆ ಮಾಡಿಕೊಳ್ಳುವ ಕೆಲಸ ಎಂದೇ ಲೆಕ್ಕ ಹಾಕಿ.

ಮೇಣದ ಪ್ಯಾಟರ್ನ್

ಹಳೆಯ ಇಂಪೆಲ್ಲರನ್ನೇ ಮಾದರಿ ಮಾಡಿಕೊಳ್ಳಬಹುದು, ಆದರೆ ಅದು ಸವೆದಿರುವ ಮಾದರಿ ಎಂಬುದು ನೆನಪಿರಲಿ. ಕಡಿಮೆ ಸವೆದ ರೆಕ್ಕೆ ಯಾವುದೆಂದು ನೋಡಿ, ಉಳಿದವನ್ನು ವಾಹನಗಳ ಬಾಡಿಗೆ ಹಚ್ಚುವ ಪುಟ್ಟಿಯಿಂದ ಅದರ ಅಳತೆಗೆ ತುಂಬಿ ಅರ ಹಾಕಿ. ಮೇಣವೂ ಕುಗ್ಗುತ್ತದೆ, ಲೋಹವೂ ಕುಗ್ಗುತ್ತದೆ. ಎರಡೂ ಸೇರಿ ಶೇಕಡ 2ರಿಂದ 2.5. ಅಂದರೆ 120 ಮಿ.ಮೀ.ಗೆ ಸುಮಾರು 3 ಮಿ.ಮೀ. ಲೇತ್‌ನಲ್ಲಿ ಸವರಲು ಇನ್ನೆರಡು ಮಿ.ಮೀ. ಸೇರಿಸಿ, ಮಾದರಿಯ ಹೊರ ವ್ಯಾಸವನ್ನು 125ಕ್ಕೆ ತನ್ನಿ. ಶಾಫ್ಟ್ ಕೂರುವ ತೂತನ್ನು ಮುಚ್ಚಿಬಿಡಿ. ಅದನ್ನು ಎರಕದಲ್ಲಿ ತರುವುದಕ್ಕಿಂತ ಆಮೇಲೆ ಕೊರೆದು ಬೋರ್ ಮಾಡುವುದು ಸಲೀಸು, ಮಧ್ಯವೂ ನೇರ ಬರುತ್ತದೆ.

ಈ ಮಾದರಿಯಿಂದ ಎರಡು ಭಾಗದ ಸಿಲಿಕೋನ್ ರಬ್ಬರ್ ಅಚ್ಚು ತೆಗೆಯಿರಿ, ಹಿಂದೆ ಪ್ಲಾಸ್ಟರ್ ಆಸರೆ ಕೊಡಿ. ಮೇಣಕ್ಕೆ ಅಂಗಡಿಯ ಪ್ಯಾಟರ್ನ್ ವ್ಯಾಕ್ಸ್ ತಂದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಪ್ಯಾರಾಫಿನ್ ಅರ್ಧ ಭಾಗ, ಜೇನುಮೇಣ ನೂರಕ್ಕೆ 30, ರಾಳ 20. ಈ ಮೂರರ ಮಿಶ್ರಣದಿಂದ ಕೆಲಸ ನಡೆಯುತ್ತದೆ. ಒಳ್ಳೆಯ ಜೇನುಮೇಣ ಕೊಡಗಿನಲ್ಲಿ ಸಿಗದ ವಸ್ತುವೇನಲ್ಲ. ರಾಳ ಜಾಸ್ತಿಯಾದರೆ ಗಟ್ಟಿ, ಆದರೆ ಪೆಡಸು. ಜೇನುಮೇಣ ಜಾಸ್ತಿಯಾದರೆ ಬಾಗುತ್ತದೆ, ಒಡೆಯುವುದಿಲ್ಲ. ಬೇಯಿಸುವುದು ನೀರಿನ ಪಾತ್ರೆಯೊಳಗೆ ಪಾತ್ರೆ ಇಟ್ಟೇ, ನೇರ ಉರಿಯ ಮೇಲೆ ಬೇಡ.

ಅಚ್ಚಿಗೆ ಹೊಯ್ಯುವಾಗ ಮೇಣ 70–75 ಡಿಗ್ರಿ ಇರಲಿ. ಹೊಗೆಯಾಡುವಷ್ಟು ಬಿಸಿ ಹೊಯ್ದರೆ ದಪ್ಪಗಿರುವ ಹಬ್ (ಶಾಫ್ಟ್ ಕೂರುವ ನಡುಭಾಗ) ಆರುವಾಗ ಕುಸಿದು ಕುಣಿ ಬೀಳುತ್ತದೆ. ಕುಸಿಯುತ್ತಿದ್ದಂತೆ ಮೇಲಿನಿಂದ ಸ್ವಲ್ಪ ಸ್ವಲ್ಪ ತುಂಬುತ್ತಾ ಹೋಗಿ. ಅಚ್ಚಿನಿಂದ ತೆಗೆದ ಪ್ಯಾಟರ್ನನ್ನು ಗಾಜಿನ ಮೇಲೆ ಮಟ್ಟಸವಾಗಿಡಿ. ಮೇಣದ ಮೈಮೇಲಿನ ಒಂದೊಂದು ಗೀರೂ ನಾಳೆ ಲೋಹದ ಮೇಲಿರುತ್ತದೆ. ಮೇಣ ಕೆರೆಯುವುದು ಒಂದು ನಿಮಿಷದ ಕೆಲಸ, ಕಂಚು ಉಜ್ಜುವುದು ಒಂದು ಗಂಟೆಯದ್ದು.

ತ್ರೀಡಿ ಪ್ರಿಂಟರ್ ಇರುವವರು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿಯೇ ಪ್ಯಾಟರ್ನ್ ತೆಗೆಯಬಹುದು. ಗೋಡೆ ತೆಳ್ಳಗೆ, ಒಳಗೆ ಟೊಳ್ಳು ಜಾಸ್ತಿ ಇರಲಿ. ಪಿಎಲ್‌ಎ ಮೇಣದಂತೆ ಹರಿದು ಹೋಗುವುದಿಲ್ಲ, ಉರಿದೇ ಹೋಗಬೇಕು. ಅದಕ್ಕೆ ಕುಲುಮೆಯಲ್ಲಿ ಗಾಳಿ ಆಡಬೇಕು, ಹೊತ್ತೂ ಹೆಚ್ಚು ಬೇಕು.

ಗೇಟಿಂಗ್: ಲೋಹ ಎಲ್ಲಿ ಕೊನೆಗೆ ಗಟ್ಟಿಯಾಗಬೇಕು?

ಅಚ್ಚಿನೊಳಗೆ ಲೋಹ ಹೋಗುವ, ಗಾಳಿ ಹೊರಬರುವ ದಾರಿಗಳನ್ನು ಮಾಡುವುದೇ ಗೇಟಿಂಗ್. ಕರಗಿದ ಲೋಹ ಗಟ್ಟಿಯಾಗುತ್ತಾ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಪಕ್ಕದಿಂದ ಇನ್ನೂ ದ್ರವವಾಗಿರುವ ಲೋಹ ಬಂದು ತುಂಬಬೇಕು. ನಮ್ಮ ಇಂಪೆಲ್ಲರ್‌ನಲ್ಲಿ ರೆಕ್ಕೆ 4 ಮಿ.ಮೀ., ತಟ್ಟೆ 5 ಮಿ.ಮೀ., ಹಬ್ ಮಾತ್ರ 30 ಮಿ.ಮೀ. ದಪ್ಪ. ರೆಕ್ಕೆ ಮೊದಲು ಗಟ್ಟಿಯಾಗುತ್ತದೆ, ತಟ್ಟೆ ಆಮೇಲೆ, ಹಬ್ ಕೊನೆಗೆ. ಆ ಹಬ್‌ಗೆ ಕೊಡುವವರು ಯಾರು? ಅದಕ್ಕೇ ರೈಸರ್. ಹಬ್‌ನ ಹಿಂಬದಿಯ ಮೇಲೆ ನೇರವಾಗಿ 40 ಮಿ.ಮೀ. ದಪ್ಪ, 50 ಮಿ.ಮೀ. ಎತ್ತರದ ಮೇಣದ ಕಂಬ ನಿಲ್ಲಿಸಿ, ಅದರ ಮೇಲೆ ಹೊಯ್ಯುವ ಬಟ್ಟಲನ್ನು ಕೂರಿಸಿ. ಕಂಬ ಹಬ್‌ಗಿಂತ ದಪ್ಪ ಇರುವುದರಿಂದ ಅದೇ ಕೊನೆಗೆ ಗಟ್ಟಿಯಾಗುತ್ತದೆ, ಕುಣಿ ಅದರಲ್ಲಿ ಬೀಳುತ್ತದೆ. ಅದನ್ನು ಕತ್ತರಿಸಿ ಎಸೆದರಾಯಿತು.

ರೆಕ್ಕೆಗಳು ಕೆಳಮುಖವಾಗಿರುವುದರಿಂದ ತುದಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪ್ರತಿ ರೆಕ್ಕೆಯ ತುದಿಯಿಂದ 3 ಮಿ.ಮೀ. ಮೇಣದ ಕಡ್ಡಿಯನ್ನು ಬಟ್ಟಲಿನ ಎತ್ತರದವರೆಗೆ ಬಾಗಿಸಿ ತನ್ನಿ. ಅಂಟಿಸುವ ಜಾಗದಲ್ಲೆಲ್ಲ ಬಿಸಿ ಚಮಚದಿಂದ ಮೇಣ ಸವರಿ ಮೂಲೆಯನ್ನು ದುಂಡಗೆ ಮಾಡಿ. ಚೂಪು ಮೂಲೆ ಉಳಿದರೆ ಶೆಲ್ ಅಲ್ಲಿ ಬಿರಿಯುತ್ತದೆ. ಶೆಲ್ ತಡೆದುಕೊಂಡರೆ ಲೋಹ ಅಲ್ಲಿ ಬಿರಿಯುತ್ತದೆ.

ಈಗಲೇ ಇಡೀ ಮೇಣವನ್ನು ತೂಗಿ ಬರೆದಿಡಿ. ಪ್ಯಾಟರ್ನ್ 82 ಗ್ರಾಂ, ಕಂಬ ಬಟ್ಟಲು ಕಡ್ಡಿಗಳು ಸೇರಿ 100 ಗ್ರಾಂ ಎಂದುಕೊಳ್ಳೋಣ. ಗನ್‌ಮೆಟಲ್ ಮೇಣಕ್ಕಿಂತ ಸುಮಾರು 9.2 ಪಟ್ಟು ಭಾರ. 182 ಗ್ರಾಂ ಮೇಣಕ್ಕೆ 1.67 ಕೆ.ಜಿ. ಲೋಹ. ಮೂಸೆಯಲ್ಲಿ ಉಳಿಯುವುದು, ಕಿಟ್ಟವಾಗುವುದು ಎಂದು ನೂರಕ್ಕೆ ಹದಿನೈದು ಸೇರಿಸಿದರೆ 1.9 ಕೆ.ಜಿ. ಈ ಲೆಕ್ಕ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ವಿಗ್ರಹ ಹೊಯ್ಯುವವರಿಗೆ ಹೇಳಿರುವುದೂ ಇದನ್ನೇ: ಮೇಣ ತೂಗಿ, ಹಿತ್ತಾಳೆ ತಾಮ್ರಕ್ಕಾದರೆ ಎಂಟು ಪಟ್ಟು ತೆಗೆದುಕೊಳ್ಳಬೇಕು. ಲೋಹ ಕಮ್ಮಿ ಬಿದ್ದರೆ ಮತ್ತೆ ಹೊಯ್ದು ಸೇರಿಸಲು ಆಗುವುದಿಲ್ಲ. ಹೆಚ್ಚೇ ಇರಲಿ.

ಸ್ಲರಿ ಮತ್ತು ಶೆಲ್

ಮೇಣವನ್ನು ಅದ್ದುವ ಗಂಜಿಯಂಥ ದ್ರವಕ್ಕೆ ಸ್ಲರಿ ಎನ್ನುತ್ತಾರೆ. 20 ಲೀಟರ್ ಬಕೆಟ್‌ಗೆ 7 ಲೀಟರ್ ಕೊಲಾಯ್ಡಲ್ ಸಿಲಿಕಾ (ಅತಿ ಸಣ್ಣ ಸಿಲಿಕಾ ಕಣಗಳು ತೇಲುವ, ನೂರಕ್ಕೆ 30ರ ದ್ರಾವಣ), 200 ಮೆಶ್‌ನ (ಮೆಶ್ ಎಂದರೆ ಜರಡಿಯ ನಂಬರು, ಹೆಚ್ಚಿದಷ್ಟೂ ನಯ) ಫ್ಯೂಸ್ಡ್ ಸಿಲಿಕಾ, ಅಂದರೆ ಕರಗಿಸಿ ಗಾಜಾಗಿಸಿದ ಸಿಲಿಕಾದ ಪುಡಿ 11 ಕೆ.ಜಿ. ಹಾಕಿದರೆ ಸುಮಾರು 12 ಲೀಟರ್ ಸ್ಲರಿ ಆಗುತ್ತದೆ. ಪುಡಿಯನ್ನು ದ್ರಾವಣಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ನಿಧಾನ ತಿರುಗುವ ಮಿಕ್ಸರ್‌ನಲ್ಲಿ ಒಂದು ದಿನ ಪೂರ್ತಿ ಕಲೆಸಿ. ಕಲೆಸಿದ ಕೂಡಲೇ ಅದ್ದಿದರೆ ಒಳಗಿನ ಗುಳ್ಳೆಗಳೆಲ್ಲ ಮೇಣಕ್ಕೆ ಅಂಟುತ್ತವೆ. ಪುಡಿ ತೆಗೆಯುವಾಗಿನಿಂದಲೇ ಎನ್-95 ಮಾಸ್ಕ್ ಹಾಕಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೋಗುವುದಿಲ್ಲ.

ದಪ್ಪ ಎಷ್ಟಿದೆ ಎಂದು ನೋಡಲು ಜಾನ್ ಕಪ್ ಎಂಬ, ತಳದಲ್ಲಿ ತೂತಿರುವ ಲೋಟ ಸಿಗುತ್ತದೆ. 4ನೇ ನಂಬರಿನ ಕಪ್ ಮುಳುಗಿಸಿ ಎತ್ತಿದರೆ ಧಾರೆ ಕಡಿಯುವುದಕ್ಕೆ ಮೊದಲ ಪದರಕ್ಕೆ ಸುಮಾರು 20 ಸೆಕೆಂಡ್, ಮೇಲಿನ ಪದರಗಳಿಗೆ 12–14 ಸೆಕೆಂಡ್ ಹಿಡಿಯಬೇಕು. ನೀರು ಆರಿ ದಪ್ಪವಾದರೆ ನಲ್ಲಿ ನೀರು ಬೇಡ, ಬೋರ್‌ವೆಲ್ ನೀರಂತೂ ಬೇಡ. ಅದರ ಲವಣಕ್ಕೆ ಸಿಲಿಕಾ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ. ಪಿಎಚ್ 9ಕ್ಕಿಂತ ಕೆಳಗೆ ಇಳಿದ ಸ್ಲರಿಯ ಆಯಸ್ಸು ಮುಗಿಯಿತು ಎಂದೇ ಲೆಕ್ಕ.

ಅದ್ದುವ ಮೊದಲು ಮೇಣವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಆರಿಸಿ. ಕೈಯ ಜಿಡ್ಡು, ಅಚ್ಚಿಗೆ ಸವರಿದ ಎಣ್ಣೆ ಉಳಿದರೆ ಸ್ಲರಿ ಹತ್ತುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರುತ್ತದೆ.

ಮೊದಲ ಪದರ ನಿಧಾನವಾಗಿ. ಓರೆಯಾಗಿ ಇಳಿಸಿ, ರೆಕ್ಕೆಯ ಸಂದಿಗಳಿಗೆ ಮೆತ್ತನೆಯ ಬ್ರಶ್‌ನಿಂದ ಸ್ಲರಿ ತಲುಪಿಸಿ, ಗುಳ್ಳೆ ಕಂಡಲ್ಲಿ ಊದಿ ಒಡೆಯಿರಿ. ಎತ್ತಿ, ತಿರುಗಿಸುತ್ತಾ ಹೆಚ್ಚಿನದನ್ನು ಬಸಿದು, 50–100 ಮೆಶ್‌ನ ನಯ ಮರಳನ್ನು ಮೇಲಿನಿಂದ ಸುರಿಯಿರಿ. ಸ್ಟೀಲ್ ಹೊಯ್ಯುವ ಕಾರ್ಖಾನೆಗಳು ಈ ಮೊದಲ ಪದರಕ್ಕೆ ಜಿರ್ಕಾನ್ ಬಳಸುತ್ತವೆ. ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚ್ಚಿಯ ಕಡಲ ಮರಳಿನಿಂದ ತೆಗೆಯುವ ಖನಿಜ ಅದು. ಕಂಚಿಗೆ ಅಷ್ಟು ದುಬಾರಿಯದ್ದು ಬೇಕಿಲ್ಲ, ಫ್ಯೂಸ್ಡ್ ಸಿಲಿಕಾ ಮರಳೇ ಸಾಕು.

ಎರಡನೆಯ ಪದರವೂ ನಯ ಮರಳಿನದ್ದೇ. ಆಮೇಲೆ 30–50 ಮೆಶ್‌ನ ಒರಟು ಮರಳಿನ ಐದು ಪದರ. ಕೊನೆಗೆ ಮರಳಿಲ್ಲದೆ ಬರೀ ಸ್ಲರಿಯಲ್ಲಿ ಒಮ್ಮೆ ಅದ್ದಿದರೆ ಮರಳು ಉದುರುವುದಿಲ್ಲ. ಒಟ್ಟು ದಪ್ಪ 7–8 ಮಿ.ಮೀ. ಬರಬೇಕು. ಬಟ್ಟಲಿನ ಅಂಚನ್ನು ಪ್ರತಿ ಸಲವೂ ಒರೆಸಿ ಮೇಣ ಕಾಣುವಂತೆ ಇಡಿ. ಅದು ಮುಚ್ಚಿಕೊಂಡರೆ ಮೇಣ ಹೊರಬರಲು ದಾರಿಯೇ ಇರುವುದಿಲ್ಲ.

ಒಣಗಿಸುವುದು

ಕೊಲಾಯ್ಡಲ್ ಸಿಲಿಕಾ ನೀರು ಹೋದಾಗ ಮಾತ್ರ ಗಟ್ಟಿಯಾಗುತ್ತದೆ, ಸಿಮೆಂಟ್‌ನಂತೆ ನೀರು ಹಿಡಿದು ಗಟ್ಟಿಯಾಗುವುದಿಲ್ಲ. ಕಾರ್ಖಾನೆಗಳು ಒಣಗಿಸುವ ಕೋಣೆಯನ್ನು 22–25 ಡಿಗ್ರಿ, ತೇವಾಂಶ ನೂರಕ್ಕೆ 40ರಿಂದ 60ರೊಳಗೆ ಹಿಡಿದಿಡುತ್ತವೆ. ಮಳೆಗಾಲದಲ್ಲಿ ನಮ್ಮಲ್ಲಿ ತೇವಾಂಶ 90ರ ಮೇಲೆ ದಿನಗಟ್ಟಲೆ ನಿಲ್ಲುತ್ತದೆ. ಆ ಗಾಳಿಯಲ್ಲಿ ಹೊರಗಿನ ಪದರ ಒಣಗಿದಂತೆ ಕಾಣುತ್ತದೆ, ಒಳಗಿನದು ಹಸಿ. ಅದರ ಮೇಲೆ ಮತ್ತೊಂದು ಹಸಿ ಪದರ ಕೂತರೆ ಒಳಗಿನದು ಮೆತ್ತಗಾಗಿ ಮೇಣದಿಂದ ಬಿಟ್ಟುಕೊಳ್ಳುತ್ತದೆ. ಸುಟ್ಟ ಮೇಲೆ ಪದರಗಳು ಈರುಳ್ಳಿಯಂತೆ ಬಿಚ್ಚಿಕೊಳ್ಳುವುದು ಇದರಿಂದಲೇ.

ಹಾಗಾದರೆ ಅಗ್ಗಿಷ್ಟಿಕೆ ಪಕ್ಕ ಇಡೋಣ, ಕಾಫಿ ಡ್ರೈಯರ್ ಕೋಣೆಯಲ್ಲಿಡೋಣ ಎಂದು ಅನಿಸುವುದು ಸಹಜ. ಅಲ್ಲೇ ಕೆಲಸ ಕೆಡುವುದು. ಬಿಸಿಗೆ ಮೇಣ ಶೆಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಇನ್ನೂ ಗಟ್ಟಿಯಾಗದ ಶೆಲ್ ಒಳಗಿನಿಂದ ಒತ್ತಡಕ್ಕೆ ಕೂದಲೆಳೆಯಷ್ಟು ಬಿರಿಯುತ್ತದೆ, ಆ ಬಿರುಕು ಕಣ್ಣಿಗೂ ಬೀಳುವುದಿಲ್ಲ. ಹೊಯ್ದಾಗ ಲೋಹ ಅದರೊಳಗೆ ಹರಿದು ತೆಳು ಗರಿಗಳಾಗಿ ನಿಲ್ಲುತ್ತದೆ. ಕೋಣೆಯ ಉಷ್ಣತೆ ಎರಡು ಡಿಗ್ರಿಗಿಂತ ಹೆಚ್ಚು ಆಚೆ ಈಚೆ ಆಗಬಾರದು. ಮೇಣ ಇದ್ದ ಕೋಣೆಯಲ್ಲೇ ಸ್ಲರಿಯೂ ಇರಲಿ, ಎರಡಕ್ಕೂ ಒಂದೇ ಉಷ್ಣತೆ ಇದ್ದರೆ ಅರ್ಧ ತಾಪತ್ರಯ ಕಮ್ಮಿ.

ಮಾಡಬೇಕಾದದ್ದು ಇಷ್ಟು. ಎಂಟಡಿ ಉದ್ದಗಲದ ಸಣ್ಣ ಕೋಣೆ, ಕಿಟಕಿ ಸಂದಿಗಳಿಗೆ ಟೇಪ್, ಮನೆಬಳಕೆಯ ಡಿಹ್ಯುಮಿಡಿಫೈಯರ್ ಒಂದು, ಟೇಬಲ್ ಫ್ಯಾನ್ ಒಂದು, ಗೋಡೆಗೆ ತೇವಾಂಶದ ಮೀಟರ್. ಮೊದಲ ಎರಡು ಪದರಗಳಿಗೆ ಫ್ಯಾನ್ ನೇರ ಹೊಡೆಯುವುದು ಬೇಡ, ಬೇಗ ಒಣಗಿದರೂ ಬಿರಿಯುತ್ತದೆ. ಮೂರನೆಯದರಿಂದ ಗಾಳಿ ಧಾರಾಳ. ಪದರಕ್ಕೆ ನಾಲ್ಕರಿಂದ ಆರು ಗಂಟೆ, ಕೊನೆಯ ಪದರಕ್ಕೆ ಕಮ್ಮಿಯೆಂದರೆ ಒಂದು ದಿನ, ಎರಡು ದಿನ ಆದರೆ ಇನ್ನೂ ಒಳ್ಳೆಯದು. ರೆಕ್ಕೆಗಳ ನಡುವಿನ ಸಂದಿಗೆ ಗಾಳಿ ಹೋಗುವುದಿಲ್ಲವಾದ್ದರಿಂದ ಫ್ಯಾನಿಗೆ ಆ ಮುಖ ತಿರುಗಿಸಿಡಿ.

ಒಣಗಿತೇ ಎಂದು ಬೆರಳಿನಿಂದ ಮುಟ್ಟಿ ಹೇಳಲಾಗದು. ತಕ್ಕಡಿಯೇ ಸಾಕ್ಷಿ. ಗಂಟೆಗೊಮ್ಮೆ ತೂಗಿ, ಒಂದು ಗಂಟೆಯಲ್ಲಿ ಒಂದು ಗ್ರಾಂ ಕೂಡ ಇಳಿಯದಿದ್ದಾಗ ಮುಂದಿನ ಪದರ. ಕಣದಲ್ಲಿ ಕಾಫಿಯ ಒಣಗನ್ನು ಅಳತೆ ಡಬ್ಬದ ತೂಕದಿಂದ ನೋಡುವ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಕದ ಜೊತೆಗೆ ಸಣ್ಣ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೊಂದು ಗುರುತು ಸಿಗುತ್ತದೆ. ನೀರು ಆರುತ್ತಿರುವವರೆಗೆ ಶೆಲ್ಲಿನ ಮೈ ಕೋಣೆಗಿಂತ ತಣ್ಣಗಿರುತ್ತದೆ, ಎರಡೂ ಒಂದೇ ಆದಾಗ ಒಣಗಿದೆ ಎಂದರ್ಥ.

ಮೇಣ ತೆಗೆಯುವುದು, ಸುಡುವುದು

ಕಾರ್ಖಾನೆಯಲ್ಲಿ ಇದಕ್ಕೆ ಆಟೋಕ್ಲೇವ್ ಇರುತ್ತದೆ. ಕೆಲವೇ ಸೆಕೆಂಡುಗಳಲ್ಲಿ 7–8 ಬಾರ್ ಒತ್ತಡದ ಹಬೆ ಏರಿಸಿ ಮೇಣ ಇಳಿಸುತ್ತಾರೆ. ಆತುರಕ್ಕೆ ಕಾರಣವಿದೆ. ನಿಧಾನ ಬಿಸಿ ಮಾಡಿದರೆ ಇಡೀ ಮೇಣ ಹಿಗ್ಗಿ ಶೆಲ್ ಒಡೆಯುತ್ತದೆ. ತಟ್ಟನೆ ಬಿಸಿ ತಾಗಿದರೆ ಮೇಣದ ಮೇಲ್ಮೈ ಮೊದಲು ಕರಗಿ ಜಾಗ ಮಾಡಿಕೊಡುತ್ತದೆ, ಒಳಗಿನದು ಆಮೇಲೆ ಹಿಗ್ಗಿದರೂ ತೊಂದರೆಯಿಲ್ಲ. ಪ್ರೆಶರ್ ಕುಕ್ಕರ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ, ಅದರ ಒತ್ತಡ ಸಾಲದು, ಏರುವುದೂ ನಿಧಾನ.

ನಮ್ಮಲ್ಲಿ ಮಾಡಬಹುದಾದದ್ದು ಕುಲುಮೆಯನ್ನೇ ಮೊದಲು 900 ಡಿಗ್ರಿಗೆ ಕಾಯಿಸಿಟ್ಟು, ಶೆಲ್ಲನ್ನು ಬಟ್ಟಲು ಕೆಳಗಾಗಿ ಒಮ್ಮೆಲೇ ಒಳಗಿಡುವುದು. ಕಬ್ಬಿಣದ ಜಾಲರಿ ಮೇಲೆ ಶೆಲ್, ಕೆಳಗೆ ಮೇಣ ಸುರಿಯುವ ತಗಡಿನ ತಟ್ಟೆ. ಮೇಣ ಹೊತ್ತಿಕೊಂಡು ಒಂದೆರಡು ನಿಮಿಷ ಆಳೆತ್ತರದ ಉರಿ ಬರುತ್ತದೆ. ಸೋಗೆಯ ಮಾಡು, ಸೌದೆ ಕೊಟ್ಟಿಗೆ ಹತ್ತಿರವಿರಬಾರದು, ತೆರೆದ ಜಾಗ ಬೇಕು. ಆ ಉರಿಗೆ ನೀರು ಎರಚಿದರೆ ಮೇಣ ಸಿಡಿದು ಬೆಂಕಿ ಹರಡುತ್ತದೆ. ಮುಚ್ಚಲು ತಗಡು, ಒಣ ಮರಳು ಕೈಯಳತೆಯಲ್ಲಿರಲಿ. ಬರ್ನರ್‌ಗೆ ಕಮರ್ಷಿಯಲ್ ಸಿಲಿಂಡರ್ ಬಳಸಿ, ಅಡುಗೆಮನೆಯದ್ದನ್ನು ಇದಕ್ಕೆ ತರುವಂತಿಲ್ಲ.

ಉರಿ ಇಳಿದ ಮೇಲೆ 900–950ರಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಿರಿ. ಬಟ್ಟಲಿನೊಳಗೆ ನೋಡಿದರೆ ಬೆಳ್ಳಗಿರಬೇಕು. ಕಪ್ಪು ಉಳಿದಿದ್ದರೆ ಮಸಿ ಇನ್ನೂ ಇದೆ, ಗಾಳಿ ಬಿಟ್ಟು ಮತ್ತೂ ಸುಡಿ. ಪೂರ್ತಿ ಆರಿದ ಮೇಲೆ ಬೆರಳ ಗಂಟಿನಿಂದ ತಟ್ಟಿ. ಚೀನಿ ಪಿಂಗಾಣಿಯ ಸದ್ದು ಬಂದರೆ ಗಟ್ಟಿ, ಮಂಕಾಗಿ ಕೇಳಿದರೆ ಎಲ್ಲೋ ಬಿರಿದಿದೆ. ಒಳಗೆ ಬಣ್ಣದ ನೀರು ತುಂಬಿ ಹೊರಗೆ ಎಲ್ಲಿ ಗೆರೆಯಾಗಿ ಜಿನುಗುತ್ತದೆ ನೋಡಿ. ಅಲ್ಲಿಗೆ ಸ್ಲರಿ ಮೆತ್ತಿ, ಒಣಗಿಸಿ, ಮತ್ತೆ ಸುಡಬೇಕು. ಗಾಳಿ ಕಡ್ಡಿಗಳ ತುದಿಯಲ್ಲಿ ಶೆಲ್ ಮುಚ್ಚಿದ್ದರೆ ಉಜ್ಜಿ ತೂತು ತೆರೆಯಿರಿ.

ಹೊಯ್ಯುವ ದಿನ

ಗ್ರಾಫೈಟ್ ಮೂಸೆ ಗಾಳಿಯ ತೇವ ಹೀರುತ್ತದೆ. ಅಟ್ಟದ ಮೇಲೆ ಒಂದು ಮಳೆಗಾಲ ಕಳೆದ ಮೂಸೆಯನ್ನು ನೇರ ಉರಿಗಿಟ್ಟರೆ ಸೀಳುತ್ತದೆ. ಸಣ್ಣ ಉರಿಯಲ್ಲಿ ಗಂಟೆ ಹೊತ್ತು ಕಾಯಿಸಿ, ಕೆಂಪಗಾದ ಮೇಲೆ ಲೋಹ ಹಾಕಿ. ಇಕ್ಕಳ, ಕಿಟ್ಟ ತೆಗೆಯುವ ಸೌಟು, ಲೋಹದ ಗಟ್ಟಿ ಎಲ್ಲವನ್ನೂ ಕುಲುಮೆಯ ಬಾಯಿಯ ಹತ್ತಿರ ಬಿಸಿ ಮಾಡಿಕೊಂಡೇ ಬಳಸಿ. ಕರಗಿದ ಲೋಹದಡಿ ಸಿಕ್ಕ ಒಂದು ಹನಿ ನೀರು ಹಬೆಯಾಗಿ ಸಿಡಿದರೆ ಮೂಸೆಯಲ್ಲಿದ್ದದ್ದು ನಿಮ್ಮ ಮೇಲೆ ಬರುತ್ತದೆ. ಸಿಮೆಂಟ್ ನೆಲವೂ ಒಳಗೆ ತೇವ ಹಿಡಿದಿರುತ್ತದೆ, ಅದರ ಮೇಲೆ ಬಿದ್ದ ಲೋಹ ನೆಲವನ್ನೇ ಸಿಡಿಸುತ್ತದೆ. ಮೂರು ಇಂಚು ಒಣ ಮರಳು ಹಾಸಿ ಅದರ ಮೇಲೆ ನಿಂತು ಕೆಲಸ ಮಾಡಿ. ಹೊಳೆ ಮರಳಾದರೆ ಬಾಣಲೆಯಲ್ಲಿ ಹುರಿದೇ ಹಾಕಬೇಕು.

ಮುಖಕ್ಕೆ ಪೂರ್ತಿ ಶೀಲ್ಡ್, ಚರ್ಮದ ಏಪ್ರನ್, ಕೈಗವಸು, ಚರ್ಮದ ಬೂಟು. ಪ್ಯಾಂಟ್ ಬೂಟಿನ ಹೊರಗಿರಲಿ, ಒಳಗೆ ಸಿಕ್ಕಿಸಿದರೆ ಬಿದ್ದ ಲೋಹ ಬೂಟಿನೊಳಗೇ ಇಳಿಯುತ್ತದೆ. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ. ಇಬ್ಬರು ಇರಬೇಕು, ಯಾರು ಎಲ್ಲಿ ಹೆಜ್ಜೆ ಇಡುತ್ತಾರೆ ಎಂದು ಖಾಲಿ ಮೂಸೆಯಲ್ಲೊಮ್ಮೆ ನಡೆದು ನೋಡಿ.

ಉರಿಯಲ್ಲಿ ಗಾಳಿ ಸ್ವಲ್ಪ ಹೆಚ್ಚೇ ಇರಲಿ. ಹೊಗೆಯಾಡುವ ಗ್ಯಾಸ್ ಉರಿಯಿಂದ, ಒದ್ದೆ ಇದ್ದಿಲಿನಿಂದ ಹೈಡ್ರೋಜನ್ ಲೋಹಕ್ಕೆ ಸೇರುತ್ತದೆ. ಗಟ್ಟಿಯಾಗುವಾಗ ಅದು ಹೊರಬಂದು ಒಳಗೆಲ್ಲ ಗುಳ್ಳೆ. ಲೋಹ ಕರಗಿದ ಮೇಲೆ ಹೆಚ್ಚು ಹೊತ್ತು ಕಾಯಿಸುತ್ತಾ ಕೂರಬೇಡಿ. ಕೆ-ಟೈಪ್ ಥರ್ಮೋಕಪಲ್‌ನಲ್ಲಿ 1,180 ಡಿಗ್ರಿ ತೋರಿಸಿದಾಗ ಮೂಸೆ ಎತ್ತಿ, ಕಿಟ್ಟ ತೆಗೆದು, ಲೋಹ ಹೀರಿದ ಆಮ್ಲಜನಕ ತೆಗೆಯಲು ಫಾಸ್ಫರ್ ಕಾಪರ್ 3–4 ಗ್ರಾಂ ತಳಕ್ಕೆ ಮುಳುಗಿಸಿ ಕಲಕಿ. ಹೊಯ್ಯುವಾಗ 1,150 ಇದ್ದರೆ ಸರಿ. ಬಿಳಿ ಹೊಗೆ ಬಂದರೆ ಅದು ಸತು ಉರಿಯುತ್ತಿರುವುದು. ಉಸಿರಿಗೆ ತೆಗೆದುಕೊಂಡರೆ ರಾತ್ರಿ ಚಳಿಜ್ವರ ಬರುತ್ತದೆ, ಗಾಳಿ ಬರುವ ಬದಿಗೆ ನಿಲ್ಲಿ.

ಅಷ್ಟರಲ್ಲಿ ಶೆಲ್ ಮತ್ತೆ 800 ಡಿಗ್ರಿಗೆ ಕಾದಿರಬೇಕು. ತೆಗೆದು, ಬಿಸಿ ಒಣ ಮರಳಿನ ಬಕೆಟ್‌ನಲ್ಲಿ ಬಟ್ಟಲಿನ ಕುತ್ತಿಗೆವರೆಗೆ ಹೂತು, ತಡ ಮಾಡದೆ ಹೊಯ್ಯಿರಿ. 4 ಮಿ.ಮೀ. ರೆಕ್ಕೆ ತಣ್ಣನೆ ಶೆಲ್ಲಿನಲ್ಲಿ ತುಂಬುವುದಿಲ್ಲ. ಹತ್ತಿರದಿಂದ, ಧಾರೆ ಕಡಿಯದಂತೆ, ನಾಲ್ಕೈದು ಸೆಕೆಂಡಿನಲ್ಲಿ ಮುಗಿಸಿ. ಕೈ ನಡುಗಿ ಒಂದು ಕ್ಷಣ ನಿಂತರೂ ಮೊದಲು ಬಿದ್ದದ್ದರ ಮೇಲೆ ಪೊರೆ ಕಟ್ಟಿ ಎರಡು ಲೋಹ ಒಂದಾಗುವುದಿಲ್ಲ. ಬಟ್ಟಲು ತುಂಬಿದ ಮೇಲೆ ಉಳಿದದ್ದನ್ನು ಬಿಸಿ ಮಾಡಿದ ಕಬ್ಬಿಣದ ಅಚ್ಚಿಗೆ ಸುರಿಯಿರಿ, ಮೂಸೆಯಲ್ಲಿ ಬಿಡಬೇಡಿ.

ಒಡೆದು ನೋಡಿದಾಗ

ಕೈಯಿಂದ ಮುಟ್ಟುವಷ್ಟು ಆರಿದ ಮೇಲೆ ಶೆಲ್ಲಿಗೆ ನೀರು ಚಿಮುಕಿಸಿ, ಮಾಸ್ಕ್ ಹಾಕಿ, ರೈಸರ್ ತುದಿಗೆ ಸುತ್ತಿಗೆಯಿಂದ ಹೊಡೆಯಿರಿ. ರೆಕ್ಕೆಗೆ ಹೊಡೆಯಬೇಡಿ, ಅದುರಿಗೆ ಶೆಲ್ ತಾನೇ ಉದುರುತ್ತದೆ. ಸುಟ್ಟ ಶೆಲ್ಲಿನ ಧೂಳು ಹಸಿ ಪುಡಿಗಿಂತಲೂ ಕೆಟ್ಟದ್ದು. ಬಿಸಿಗೆ ಅದರಲ್ಲಿ ಕ್ರಿಸ್ಟೋಬಲೈಟ್ ಎಂಬ ಸಿಲಿಕಾ ಹರಳು ಕಟ್ಟಿರಬಹುದು.

ಈಗ ಬಂದ ದೋಷಗಳನ್ನು ಓದಿ. ಮೈಮೇಲೆ ಸಾಸಿವೆಯಂಥ ಲೋಹದ ಗುಂಡುಗಳಿದ್ದರೆ ಮೊದಲ ಸ್ಲರಿಯಲ್ಲಿ ಗುಳ್ಳೆ ಇತ್ತು. ಅರದಿಂದ ತೆಗೆದರೆ ಹೋಗುತ್ತದೆ, ಗಾಬರಿ ಬೇಡ. ತೆಳು ಗರಿಗಳು ನಿಂತಿದ್ದರೆ ಶೆಲ್ ಬಿರಿದಿತ್ತು, ತಪ್ಪು ಒಣಗಿಸುವುದರಲ್ಲೋ ಮೇಣ ತೆಗೆಯುವುದರಲ್ಲೋ ಆಗಿದೆ. ರೆಕ್ಕೆಯ ತುದಿ ದುಂಡಗಾಗಿ ಅರ್ಧಕ್ಕೆ ನಿಂತಿದ್ದರೆ ಶೆಲ್ ಆರಿತ್ತು ಅಥವಾ ಗಾಳಿ ಕಡ್ಡಿ ಮುಚ್ಚಿತ್ತು. ಐದೂ ರೆಕ್ಕೆಯಲ್ಲಿ ಹೀಗಾಗಿದ್ದರೆ ಉಷ್ಣತೆ, ಒಂದರಲ್ಲಿ ಮಾತ್ರ ಆಗಿದ್ದರೆ ಕಡ್ಡಿ. ಹಬ್ ಕೊರೆಯುವಾಗ ಒಳಗೆ ಒರಟಾದ, ಹರಳು ಹರಳಾದ ಪೊಳ್ಳು ಕಂಡರೆ ಅದು ಕುಗ್ಗುವಿಕೆ, ರೈಸರ್ ಸಣ್ಣದಾಯಿತು. ನುಣುಪು ಗೋಡೆಯ ದುಂಡನೆ ತೂತುಗಳಾದರೆ ಅದು ಗ್ಯಾಸ್. ಈ ಎರಡನ್ನೂ ಒಂದೇ ಎಂದುಕೊಂಡು ಗ್ಯಾಸ್ ಗುಳ್ಳೆಗೆ ರೈಸರ್ ದೊಡ್ಡದು ಮಾಡುವವರೇ ಹೆಚ್ಚು, ಅದರಿಂದ ಏನೂ ಆಗುವುದಿಲ್ಲ.

ರೈಸರನ್ನು ಗರಗಸದಿಂದ ಕೊಯ್ದು, ಲೇತ್‌ನಲ್ಲಿ ಮೊದಲು ಹಬ್‌ಗೆ ಬೋರ್ ಮಾಡಿ. ಅದೇ ಬೋರ್‌ಗೆ ಮ್ಯಾಂಡ್ರಲ್ ಎಂಬ ನೇರ ಸರಳು ಕೂರಿಸಿ ಹೊರ ವ್ಯಾಸ, ರೆಕ್ಕೆಯ ಮುಖ ಸವರಿ. ಶಾಫ್ಟಿನ ಕೀ ಕೂರುವ ಕೊರಕಲು (ಕೀವೇ) ಕೊನೆಗೆ. ಆಮೇಲೆ ಮ್ಯಾಂಡ್ರಲ್ ಸಮೇತ ಮಟ್ಟಸವಾದ ಎರಡು ಅಲಗುಗಳ ಮೇಲೆ ಉರುಳಲು ಬಿಡಿ. ಯಾವ ಬದಿ ಪ್ರತಿ ಸಲವೂ ಕೆಳಗೆ ಬಂದು ನಿಲ್ಲುತ್ತದೋ ಆ ಬದಿ ಭಾರ. ತಟ್ಟೆಯ ಹಿಂಬದಿಯಲ್ಲಿ ಅಂಚಿನ ಹತ್ತಿರ ಸ್ವಲ್ಪ ಸ್ವಲ್ಪ ಉಜ್ಜಿ ಸಮ ಮಾಡಿ, ರೆಕ್ಕೆಯನ್ನು ಉಜ್ಜಬೇಡಿ. ಈ ಹಂತ ಬಿಟ್ಟರೆ ಬೇರಿಂಗ್ ಮತ್ತು ಸೀಲ್ ಹೋಗುತ್ತವೆ, ಹೊಸ ಇಂಪೆಲ್ಲರ್‌ಗೆ ಕೆಟ್ಟ ಹೆಸರು ಬರುತ್ತದೆ.

ಪ್ಲಾಸ್ಟರ್ ವಿಧಾನ

ಬಕಲ್, ಹಿಡಿ, ಗುಂಡಿಯಂಥ ಸಣ್ಣ ವಸ್ತುಗಳಿಗೆ ಶೆಲ್ ಕಟ್ಟುತ್ತಾ ಕೂರುವುದು ವ್ಯರ್ಥ. ಅಕ್ಕಸಾಲಿಗರು ಬಳಸುವ, ಜಿಪ್ಸಂ ಮತ್ತು ಸಿಲಿಕಾ ಬೆರೆತ ಇನ್ವೆಸ್ಟ್‌ಮೆಂಟ್ ಪುಡಿ ಸಾಕು. 100 ಗ್ರಾಂ ಪುಡಿಗೆ 40 ಮಿ.ಲೀ. ನೀರು, ಕಲೆಸುವುದರಿಂದ ತುಂಬುವವರೆಗೆ ಒಂಬತ್ತು ನಿಮಿಷದೊಳಗೆ ಮುಗಿಯಬೇಕು, ವ್ಯಾಕ್ಯೂಮ್‌ನಲ್ಲಿ ಗುಳ್ಳೆ ತೆಗೆಯಬೇಕು. ಎರಡು ಗಂಟೆ ಬಿಟ್ಟು 150 ಡಿಗ್ರಿಯಲ್ಲಿ ಎರಡು ಗಂಟೆ, 370ರಲ್ಲಿ ಎರಡು, 730ರಲ್ಲಿ ಮೂರು, ಆಮೇಲೆ 500ಕ್ಕೆ ಇಳಿಸಿ ಹೊಯ್ಯುವುದು. ಕರೆಂಟ್ ಕುಲುಮೆ ನೆಚ್ಚಿಕೊಂಡವರು ಮಳೆಗಾಲದಲ್ಲಿ ಇದನ್ನು ಶುರು ಮಾಡಬೇಡಿ. ನಡುವೆ ಕರೆಂಟ್ ಹೋಗಿ ಅಚ್ಚು 250ಕ್ಕಿಂತ ಕೆಳಗೆ ಆರಿದರೆ ಒಳಗಿನ ಕ್ರಿಸ್ಟೋಬಲೈಟ್ ತಟ್ಟನೆ ಕುಗ್ಗಿ ಅಚ್ಚು ಸೀಳುತ್ತದೆ, ಮತ್ತೆ ಕಾಯಿಸಿ ಉಪಯೋಗವಿಲ್ಲ. ಸ್ಟೀಲಿಗೆ ಈ ಪುಡಿ ಬರುವುದೇ ಇಲ್ಲ. ಜಿಪ್ಸಂ ಅಷ್ಟು ಬಿಸಿಗೆ ಒಡೆದು ಗಂಧಕದ ಅನಿಲ ಬಿಡುತ್ತದೆ.

ಹೊರಗೆ ಕೊಡುವುದಾದರೆ

ಸ್ಟೇನ್‌ಲೆಸ್ ಸ್ಟೀಲ್ ಬೇಕೆಂದರೆ 1,600 ಡಿಗ್ರಿ ಆಸುಪಾಸು, ಇಂಡಕ್ಷನ್ ಫರ್ನೇಸ್. ಅದು ಶೆಡ್ಡಿನ ಕೆಲಸವಲ್ಲ. ಬೆಳಗಾವಿ, ಕೊಯಮತ್ತೂರು, ರಾಜಕೋಟ್ ಕಡೆಯ ಫೌಂಡ್ರಿಗಳಲ್ಲಿ ವಿಚಾರಿಸಿ. ಡ್ರಾಯಿಂಗ್ ಇಲ್ಲದೆ ಹಳೆಯ ತುಂಡನ್ನು ಮಾತ್ರ ಕಳಿಸಿದರೆ ಸವೆದ ಅಳತೆಗೇ ಹೊಸದು ಬರುತ್ತದೆ. ಡ್ರಾಯಿಂಗ್ ಮೇಲೆ ಗ್ರೇಡ್ ಬರೆಯಿರಿ: ಹುಳಿ ನೀರಿಗೆ ಸಿಎಫ್8ಎಂ, ಸಾದಾ ನೀರಿಗೆ ಸಿಎಫ್8. ಯಾವ ಮುಖಕ್ಕೆ ಎಷ್ಟು ಮಿ.ಮೀ. ಸವರಲು ಬೇಕು, ಯಾವ ಮುಖ ಎರಕದ ಮೈಯಲ್ಲೇ ಇರಬಹುದು ಎಂಬುದನ್ನೂ ಬರೆಯಿರಿ. ಎರಕದ ಮೈಯಲ್ಲಿ 25 ಮಿ.ಮೀ.ಗೆ 0.13 ಮಿ.ಮೀ. ಆಚೀಚೆ ಆಗುವುದು ಸಾಮಾನ್ಯ, ಅದಕ್ಕಿಂತ ಬಿಗಿ ಕೇಳಿದರೆ ದರ ಏರುತ್ತದೆ. ಮೇಣ ಹೊಯ್ಯುವ ಅಚ್ಚಿನ, ಅಂದರೆ ಡೈ ಖರ್ಚು ಒಂದೇ ತುಂಡಿನ ಮೇಲೆ ಬಿದ್ದರೆ ಭಾರ. ಒಂದೇ ಮಾಡೆಲ್ ಪಂಪು ಇರುವ ಅಕ್ಕಪಕ್ಕದ ನಾಲ್ಕು ತೋಟದವರು ಸೇರಿ ತರಿಸಿದರೆ ಹಗುರಾಗುತ್ತದೆ.

ಪಂಪಿಗೆ ಕೂರಿಸುವಾಗ ರೆಕ್ಕೆಗೂ ಮುಂದಿನ ಬಾಡಿಗೂ ನಡುವೆ ಅರ್ಧ ಮಿ.ಮೀ. ಸಂದು ಇಟ್ಟು, ಕೈಯಿಂದ ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ನೋಡಿ. ಆಮೇಲೆ ನೀರು ತುಂಬಿ ಓಡಿಸಿ, ಕ್ಲಾಂಪ್ ಮೀಟರ್‌ನಲ್ಲಿ ಆಂಪಿಯರ್ ನೋಡಿ. ಮೋಟರ್ ಪ್ಲೇಟ್ ಮೇಲೆ ಬರೆದದ್ದಕ್ಕಿಂತ ಹೆಚ್ಚು ಎಳೆದರೆ ಹೊರ ವ್ಯಾಸವನ್ನು ಇನ್ನೊಂದು ಮಿ.ಮೀ. ಕಡೆಸಿ. ಸಿಲಿಕೋನ್ ಅಚ್ಚಿಗೆ ಟಾಲ್ಕಂ ಪುಡಿ ಉದುರಿಸಿ, ಇಲಿ ಕಡಿಯದ ಡಬ್ಬಿಯಲ್ಲಿ ಮಡಿಚದೆ ಇಡಿ. ಡಬ್ಬಿಯ ಮೇಲೆ ಮೇಣದ ವ್ಯಾಸ, ಸವರುವ ಮೊದಲಿನ ಲೋಹದ ವ್ಯಾಸ ಎರಡನ್ನೂ ಬರೆಯಿರಿ. ನಿಮ್ಮ ಲೋಹ ನಿಜವಾಗಿ ಎಷ್ಟು ಕುಗ್ಗಿತು ಎಂಬ ಲೆಕ್ಕ ಮುಂದಿನ ಎರಕಕ್ಕೆ ಅದರಿಂದಲೇ ಸಿಗುತ್ತದೆ.